ನಿಮ್ಮ ಹನ್ನೆರಡು ಮಂದಿ ಯಾರು?

ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಮನೆಗೆ ಬಂದು ಬರೆಯಲು ಕೂತಾಗ, ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ನಿಮಗೊಂದು ಕೆಲಸ ಕೊಡುತ್ತೇನೆ. ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆಯಿರಿ. ಅದರಲ್ಲಿ 12 ಹೆಸರು ಬರೆಯಿರಿ. ನೀವು ಒಂದು ಆ್ಯಪ್ ಮಾಡಿದ್ದೀರಿ ಅಂದುಕೊಳ್ಳಿ. ಅದನ್ನು ತಮ್ಮ ಫೋನಿಗೆ ಹಾಕಿಕೊಂಡು, 14 ದಿನ ತೆಗೆದುಹಾಕದೆ ಇಟ್ಟುಕೊಂಡು, ನಿಜವಾಗಿ ಬಳಸಿ, "ಇಲ್ಲಿ ಸರಿಯಿಲ್ಲ" ಎಂದು ನಿಮಗೆ ಹೇಳುವ 12 ಮಂದಿ. ಅವ್ವ, ತಮ್ಮ, ರೂಮ್‌ಮೇಟ್ ಬೇಡ. ಅವರು ನಿಮ್ಮ ಮುಖ ನೋಡಿ ಚೆನ್ನಾಗಿದೆ ಅನ್ನುತ್ತಾರೆ.

ಐದು ನಿಮಿಷ ಕೊಟ್ಟೆ. ಯಾರಿಗೂ 12 ಆಗಲಿಲ್ಲ. ಎಲ್ಲರಿಗಿಂತ ಜಾಸ್ತಿ ಬರೆದವರದ್ದು 9. ಅದರಲ್ಲಿ 6 ಹೆಸರು ಅದೇ ಬೆಂಚಿನವು.

ಈ 12, 14 ನಾನು ಸುಮ್ನೆ ಹೇಳಿದ ಸಂಖ್ಯೆಗಳಲ್ಲ. ಅದು ಗೂಗಲ್ ಪ್ಲೇ ನಿಯಮ. 2023ರ ನವೆಂಬರ್ 13ರ ನಂತರ ಯಾರಾದರೂ ಸ್ವಂತ ಹೆಸರಿನಲ್ಲಿ ಡೆವಲಪರ್ ಖಾತೆ ತೆರೆದರೆ, ಆ್ಯಪ್ ಅನ್ನು ನೇರವಾಗಿ ಎಲ್ಲರಿಗೂ ಬಿಡುಗಡೆ ಮಾಡುವ ಹಾಗಿಲ್ಲ. ಮೊದಲು ಆಯ್ದ ಕೆಲವರಿಗೆ ಮಾತ್ರ ಕೊಟ್ಟು ಪರೀಕ್ಷೆ ಮಾಡಿಸಬೇಕು. ಶುರುವಿನಲ್ಲಿ 20 ಮಂದಿ ಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು 12ಕ್ಕೆ ಇಳಿಸಿದರು. ಆ 12 ಮಂದಿ ಸತತ 14 ದಿನ ಪರೀಕ್ಷೆಯಲ್ಲಿ ಉಳಿಯಬೇಕು. ಆಮೇಲೆ ನೀವು ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಪ್ರಶ್ನೆಗಳಿರುತ್ತವೆ. ಈ ಮಂದಿಯನ್ನು ಹೇಗೆ ಸೇರಿಸಿದಿರಿ, ಅವರು ಏನು ಹೇಳಿದರು, ಅದರಿಂದ ಏನು ಬದಲಾಯಿಸಿದಿರಿ ಅಂತ.

ಖಾತೆ ತೆರೆಯಲು 25 ಡಾಲರ್, ಅದೂ ಒಂದೇ ಸಲ. ಲ್ಯಾಪ್‌ಟಾಪ್ ನಿಮ್ಮ ಹತ್ತಿರ ಇದೆ. ಆ್ಯಪ್ ಕಟ್ಟುವ ತಂತ್ರಾಂಶ ಆಂಡ್ರಾಯ್ಡ್ ಸ್ಟುಡಿಯೋ ಪುಕ್ಕಟೆ. ಆ್ಯಪ್ ಬರೆಯುವ ಕೋಟ್ಲಿನ್ ಭಾಷೆ, ಫ್ಲಟ್ಟರ್ ಸಾಧನ ಕಲಿಯಲು ಬೇಕಾದ್ದೆಲ್ಲ ಪುಕ್ಕಟೆ ಸಿಗುತ್ತದೆ. ಇವತ್ತು ಒಬ್ಬರೇ ಕೂತು ಆ್ಯಪ್ ಮಾಡುವವರಿಗೆ ಸಿಗದೆ ಇರುವುದು ಮನುಷ್ಯರು. ಅದನ್ನೇ ಹೇಳಲು ಬಂದಿದ್ದೇನೆ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಐದು ವರ್ಷ ಆಂಡ್ರಾಯ್ಡ್ ಕೆಲಸ ಮಾಡಿ, 2017ರಲ್ಲಿ ಬಾಗಲಕೋಟೆಯ ನವನಗರಕ್ಕೆ ವಾಪಸ್ ಬಂದೆ. ಅಂದಿನಿಂದ ಸ್ವಂತ ಕೆಲಸ. ಕಂಪನಿಯಲ್ಲಿದ್ದಾಗ ಡಿಸೈನ್ ಮಾಡುವವರು ಬೇರೆ, ಸರ್ವರ್ ನೋಡುವವರು ಬೇರೆ, ಪರೀಕ್ಷೆ ಮಾಡಲು ಒಂದು ತಂಡವೇ ಇತ್ತು. ಏನಾದರೂ ತಿಳಿಯದಿದ್ದರೆ ಕುರ್ಚಿ ತಿರುಗಿಸಿ ಪಕ್ಕದವರನ್ನು ಕೇಳುತ್ತಿದ್ದೆ. ನವನಗರದ ಮನೆಯಲ್ಲಿ ಕುರ್ಚಿ ತಿರುಗಿಸಿದರೆ ಗೋಡೆ. ಮೊದಲ ಎಂಟು ತಿಂಗಳು ನಾನು ಯಾರ ಜೊತೆಯೂ ಕೆಲಸದ ಮಾತಾಡಲಿಲ್ಲ. ಒಂದು ಆ್ಯಪ್ ಮಾಡಿದೆ. ಪ್ಲೇ ಸ್ಟೋರ್‌ಗೆ ಹಾಕಿದೆ. ಯಾರೂ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳುವವರೂ ಇರಲಿಲ್ಲ. ಆ ದಿನಗಳು ನನಗೆ ಬಹಳ ಕಷ್ಟವಾಗಿದ್ದವು. ನಿಮಗೆ ಹಾಗೆ ಆಗಬಾರದು ಅಂತ ಈ ಮಾತು.

ಆಗ ದಾರಿ ತೋರಿಸಿದ್ದು ನಮ್ಮಪ್ಪ. ಅಪ್ಪ ಟೇಲರ್. ಹಳೇ ಬಾಗಲಕೋಟೆಯಲ್ಲಿ ಅಂಗಡಿ ಇತ್ತು. ಆಲಮಟ್ಟಿ ಹಿನ್ನೀರಿಗೆ ಊರಿನ ಆ ಭಾಗ ಬಿಟ್ಟುಕೊಡಬೇಕಾಯಿತು. ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲೂ ಈ ಕಥೆ ಇದೆ, ಅಲ್ವಾ? ಒಂದೇ ಓಣಿಯಲ್ಲಿ ಇದ್ದವರು ನವನಗರದ ಬೇರೆ ಬೇರೆ ಸೆಕ್ಟರ್‌ಗಳಿಗೆ ಚದುರಿದರು. ಅಪ್ಪನಿಗೆ ಹೊಸ ಅಂಗಡಿ ಸಿಕ್ಕಿತು. ಗಿರಾಕಿಗಳಿಲ್ಲ. ಹಳೆಯದರಲ್ಲಿ ಉಳಿದದ್ದು ಹೊಲಿಗೆ ಮಷಿನ್ ಮತ್ತು ಅಳತೆ ಪುಸ್ತಕ. ಸಂಜೆ ಅಪ್ಪ ಸೈಕಲ್ ತೆಗೆದುಕೊಂಡು ಒಂದೊಂದೇ ಸೆಕ್ಟರ್ ಸುತ್ತುತ್ತಿದ್ದರು. ಬಾಗಿಲಲ್ಲಿ ನಿಂತು "ಬಟ್ಟೆ ಕೊಡ್ರಿ" ಅನ್ನುತ್ತಿರಲಿಲ್ಲ. "ಸಣ್ಣ ಮಗನ ಅಂಗಿ ತೋಳು ಬಿಗಿ ಆಗತೈತಿ ಅಂದಿದ್ರಿ, ಬಿಚ್ಚಿ ಸಡಿಲ ಮಾಡಿ ಕೊಡ್ತೀನಿ, ಅಳತಿ ನನ್ನ ಕಡೇನ ಐತಿ" ಅನ್ನುತ್ತಿದ್ದರು. ಅದಕ್ಕೆ ರೊಕ್ಕ ತೆಗೆದುಕೊಳ್ಳುತ್ತಿರಲಿಲ್ಲ. ಮುಂದಿನ ಹಬ್ಬಕ್ಕೆ ಆ ಮನೆಯ ಬಟ್ಟೆ ಅಪ್ಪನ ಅಂಗಡಿಗೇ ಬರುತ್ತಿತ್ತು.

ನಾನು ಸುಮ್ಮನೆ ಕೂತಿದ್ದನ್ನು ನೋಡಿ ಅಪ್ಪ ಒಂದು ದಿನ ಕೇಳಿದರು. "ನಿನ್ನ ಅಳತಿ ಪುಸ್ತಕ ಎಲ್ಲೈತವಾ?"

ಇರಲಿಲ್ಲ. ಮರುದಿನ ಒಂದು ನೋಟ್‌ಬುಕ್ ತಂದೆ. ಅದು ಈಗ ನಾಲ್ಕನೇ ನೋಟ್‌ಬುಕ್ ಆಗಿದೆ. ಒಬ್ಬೊಬ್ಬರಿಗೆ ಅರ್ಧ ಪುಟ. ಅವರ ಕೆಲಸ ಏನು, ಕೈಯಲ್ಲಿ ಯಾವ ಫೋನ್, ಹೋದ ಸಲ ಮಾತಾಡಿದಾಗ ಅವರಿಗೆ ಏನು ತೊಂದರೆ ಇತ್ತು, ನಾನು ಏನು ಮಾಡಿಕೊಡುತ್ತೇನೆ ಅಂದಿದ್ದೆ. ಕೊನೆಯ ಸಾಲು ಬಹಳ ಮುಖ್ಯ. ಫೋನಿನಲ್ಲಿ 800 ನಂಬರ್ ಇದ್ದರೆ ಅದು ಸಂಪರ್ಕ ಅಲ್ಲ. ಅವರ ಅಳತೆ ನಿಮ್ಮ ಹತ್ತಿರ ಇರಬೇಕು.

ಈಗ ಇಳಕಲ್ ಹುಡುಗನ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಕಲಿಯಲು ಬರುತ್ತಿದ್ದ. ಮನೆಯಲ್ಲಿ ನೇಕಾರಿಕೆ. ನೇಕಾರರ ಮಜೂರಿ ಲೆಕ್ಕ ಇಡುವ ಒಂದು ಆ್ಯಪ್ ಮಾಡಿದ. ಮಾಲಕರು ನೂಲು ಕೊಡುತ್ತಾರೆ, ನೇಕಾರರು ಸೀರೆ ನೇಯ್ದು ಕೊಡುತ್ತಾರೆ, ಸೀರೆಗೆ ಇಷ್ಟು ಅಂತ ಮಜೂರಿ. ಲೆಕ್ಕ ಚೀಟಿಯಲ್ಲಿ, ಗೋಡೆಯ ಮೇಲೆ, ನೆನಪಿನಲ್ಲಿ. ಅದನ್ನು ಫೋನಿಗೆ ತರಬೇಕು ಅಂತ ಅವನ ಆಸೆ. ಒಳ್ಳೆಯ ಆಸೆ.

2024ರ ಶುರುವಿನಲ್ಲಿ ಖಾತೆ ತೆರೆದ. ಆಗ 20 ಮಂದಿ ಬೇಕಿತ್ತು. ಟೆಲಿಗ್ರಾಮ್‌ನಲ್ಲಿ ಇದಕ್ಕೆಂದೇ ಗುಂಪುಗಳಿವೆ. ನನ್ನ ಆ್ಯಪ್ ನೀನು ಹಾಕಿಕೋ, ನಿನ್ನದು ನಾನು ಹಾಕಿಕೊಳ್ಳುತ್ತೇನೆ. ದುಡ್ಡು ಕೊಟ್ಟರೆ ಟೆಸ್ಟರ್‌ಗಳನ್ನು ಒದಗಿಸುವವರೂ ಇದ್ದಾರೆ. ಅವನು ಅಂಥ ಗುಂಪಿನಿಂದ ಎರಡು ದಿನದಲ್ಲಿ 20 ಮಂದಿ ಸೇರಿಸಿದ. 14 ದಿನ ಕಳೆಯಿತು. ಅರ್ಜಿ ಹಾಕಿದ. ಇನ್ನಷ್ಟು ಪರೀಕ್ಷೆ ಬೇಕು ಅಂತ ಉತ್ತರ ಬಂತು. ನನ್ನ ಹತ್ತಿರ ಓಡಿ ಬಂದ. ನಾನು ಕೇಳಿದೆ, "ಈ 20 ಮಂದಿ ಏನು ಹೇಳಿದರು?" ಅವನ ಹತ್ತಿರ ಒಂದೂ ಮಾತಿರಲಿಲ್ಲ. ಅವರೆಲ್ಲ ಆ್ಯಪ್ ಹಾಕಿಕೊಂಡಿದ್ದರು. ತೆರೆದಿರಲಿಲ್ಲ. ಯಾಕೆ ತೆರೆಯಬೇಕು? ಅವರು ಮಗ್ಗ ನೋಡಿದವರೇ ಅಲ್ಲ.

"ನಿಮ್ಮ ಓಣಿಗೆ ಹೋಗು" ಅಂದೆ. ಅವನಿಗೆ ನಾಚಿಕೆ. ಓಣಿಯವರು ಏನಂದಾರು, ಇಷ್ಟು ಓದಿ ಇದನ್ನು ಮಾಡ್ತಾನೇನು ಅಂದಾರು ಅಂತ. ನಾನೂ ಜೊತೆಗೆ ಹೋದೆ. ನಾಲ್ಕು ಮನೆ ತಿರುಗಿದೆವು. ಮೊದಲ ಮನೆಯಲ್ಲಿ ಕಾಕಾ ಒಬ್ಬರು ಆ್ಯಪ್ ನೋಡಿ ಕೇಳಿದರು, "ಮುಂಗಡ ತಗೊಂಡಿದ್ದು ಎಲ್ಲಿ ಬರೀಬೇಕೋ ತಮ್ಮಾ?" ಮಾಲಕರ ಹತ್ತಿರ ಮೊದಲೇ ರೊಕ್ಕ ತೆಗೆದುಕೊಂಡಿರುತ್ತಾರೆ. ಅದು ಪ್ರತಿ ಸಲ ಮಜೂರಿಯಲ್ಲಿ ಕಡಿತ ಆಗುತ್ತದೆ. ಆ ಜಾಗವೇ ಆ್ಯಪ್‌ನಲ್ಲಿ ಇರಲಿಲ್ಲ. ನೇಕಾರರ ಮನೆಯಲ್ಲೇ ಬೆಳೆದ ಹುಡುಗ. ಆದರೂ ಬಿಟ್ಟಿದ್ದ. ಯಾಕೆಂದರೆ ಲೆಕ್ಕ ನೋಡುವವರು ಅವನ ಅಪ್ಪ, ಅವನಲ್ಲ.

ಎರಡನೇ ಮನೆಯ ಮಾತನ್ನು ನಾನು ಎಂದೂ ಮರೆಯುವುದಿಲ್ಲ. ಗಂಡ ಮಗ್ಗದ ಮೇಲೆ ಕೂತಿದ್ದರು. ಹೆಂಡತಿ ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿದ್ದರು. ಲಾಳಿಯ ಒಳಗೆ ಕೂರುವ ನೂಲಿನ ಸುರುಳಿ ಅದು. ಅದಿಲ್ಲದೆ ಅಡ್ಡ ನೂಲಿನ ಹೊಕ್ಕು ಇಲ್ಲ, ಸೀರೆ ಇಲ್ಲ. ಹುಡುಗ ಗಂಡನಿಗೆ ಆ್ಯಪ್ ತೋರಿಸುತ್ತಿದ್ದ. ಆ ತಾಯಿ ತಲೆ ಎತ್ತದೆ ಕೇಳಿದರು, "ಯಪ್ಪಾ, ನಾ ಸುತ್ತಿದ ಕಂಡಿಕಿ ಲೆಕ್ಕ ಎಲ್ಲಿ ಬರತೈತಿ?"

ಇಬ್ಬರೂ ಸುಮ್ಮನಾದೆವು. ಎಲ್ಲಿಯೂ ಬರುತ್ತಿರಲಿಲ್ಲ. ಮಾಲಕರ ಚೀಟಿಯಲ್ಲೂ ಇಲ್ಲ, ನಮ್ಮ ಆ್ಯಪ್‌ನಲ್ಲೂ ಇಲ್ಲ. ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಸುಮ್ನೆ ಕೇಳಿದರು. ಆ ವಾರ ಹುಡುಗ ಒಂದು ಹೊಸ ಪುಟ ಮಾಡಿದ. ಮನೆಯಲ್ಲಿ ಯಾರು ಎಷ್ಟು ಹೊತ್ತು ಯಾವ ಕೆಲಸ ಮಾಡಿದರು ಅಂತ ಬರೆಯುವ ಪುಟ. ಅದರಿಂದ ಮಜೂರಿ ಒಂದು ರೂಪಾಯಿಯೂ ಹೆಚ್ಚಲಿಲ್ಲ. ಆದರೆ ಆ ತಾಯಿ ದಿನಾ ರಾತ್ರಿ ಅದನ್ನು ತುಂಬತೊಡಗಿದರು. ನಂತರ ಅವರ ಅಕ್ಕ, ಪಕ್ಕದ ಮನೆಯವರು. ಹುಡುಗನಿಗೆ 20 ಅಲ್ಲ, 31 ಮಂದಿ ಆದರು. ಎರಡನೇ ಸಲ ಅರ್ಜಿ ಹಾಕುವಾಗ "ಏನು ಬದಲಾಯಿಸಿದಿರಿ" ಅನ್ನುವ ಜಾಗದಲ್ಲಿ ಬರೆಯಲು ಅವನಿಗೆ ಸಾಲು ಸಾಲದಾಯಿತು. ಒಪ್ಪಿಗೆ ಸಿಕ್ಕಿತು.

ಇದರಲ್ಲಿ ಇನ್ನೂ ಒಂದು ಭಾಗ ಇದೆ. ಆ ಹುಡುಗ ಓಣಿಗೆ ಹೋದಾಗ ಬರೀ ಆ್ಯಪ್ ತೋರಿಸಿ ಬರಲಿಲ್ಲ. ಒಬ್ಬರ ಫೋನಿನಲ್ಲಿ ಜಾಗ ತುಂಬಿತ್ತು, ಖಾಲಿ ಮಾಡಿಕೊಟ್ಟ. ಒಬ್ಬರ ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಟ್ಟ. ನಮ್ಮ ಹೊಲಗಳಲ್ಲಿ ಮುಯ್ಯಾಳು ಅಂತ ಇದೆಯಲ್ಲ, ನಿಮ್ಮಲ್ಲಿ ಒಕ್ಕಲುತನದ ಮನೆಯವರಿಗೆ ಗೊತ್ತು. ಇವತ್ತು ನಿಮ್ಮ ಹೊಲದ ಕಳೆ ತೆಗೆಯಲು ನಾನು ಬರುತ್ತೇನೆ. ನನ್ನ ಹೊಲದ ಸರದಿ ಬಂದಾಗ ನೀವು ಬರುತ್ತೀರಿ. ಕೂಲಿ ಇಲ್ಲ. ಲೆಕ್ಕ ಇದೆ, ಆದರೆ ಅದನ್ನು ಯಾರೂ ಬರೆದಿಡುವುದಿಲ್ಲ. ನೆಟ್‌ವರ್ಕಿಂಗ್ ಅನ್ನುವ ಮಾತು ಕೇಳಿದಾಗ ನಿಮಗೆ ಕೋಟು, ಕಾರ್ಡು, ಹಸ್ತಲಾಘವ ನೆನಪಾಗುತ್ತದೆ. ನನಗೆ ಮುಯ್ಯಾಳು ನೆನಪಾಗುತ್ತದೆ. ಟೆಲಿಗ್ರಾಮ್ ಗುಂಪಿನವರೂ ಅದಲುಬದಲು ಮಾಡಿಕೊಂಡರಲ್ಲ, ಅದೂ ಮುಯ್ಯಾಳು ತಾನೆ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅಲ್ಲ. ಮುಯ್ಯಾಳು ಹೊಲಕ್ಕೆ ಬಂದು ಬಗ್ಗಿ ಕಳೆ ಕೀಳುತ್ತಾನೆ. ಬದುವಿನ ಮೇಲೆ ನಿಂತು ಹಾಜರಿ ಹಾಕಿ ಹೋಗುವುದಿಲ್ಲ.

ಹಾಗಾದರೆ ಯಾರ ಹೊಲಕ್ಕೆ ಹೋಗಬೇಕು?

ನನ್ನ ಕೆಲಸಕ್ಕೆ ಅತಿ ಹೆಚ್ಚು ಉಪಯೋಗವಾದ ಮನುಷ್ಯ ಒಬ್ಬ ಮೊಬೈಲ್ ರಿಪೇರಿ ಅಂಗಡಿಯ ಅಣ್ಣ. ಅಂಗಡಿ ಎಂಟು ಅಡಿ ಅಗಲ ಇಲ್ಲ. ನಮ್ಮ ಊರಿನ ಜನರ ಕೈಯಲ್ಲಿ ಯಾವ ಫೋನ್ ಇದೆ, ಎಷ್ಟು ಹಳೆಯದು, ಯಾವುದರಲ್ಲಿ ಜಾಗ ಇರುವುದಿಲ್ಲ, ಜನ ಯಾವ ಆ್ಯಪ್ ತೆಗೆದುಹಾಕಿ ಅಂತ ಬರುತ್ತಾರೆ, ಎಲ್ಲ ಅವರಿಗೆ ಗೊತ್ತು. ನಾನು ಎರಡು ವಾರಕ್ಕೊಮ್ಮೆ ಸಂಜೆ ಹೋಗಿ ಒಂದು ತಾಸು ಕೂರುತ್ತೇನೆ. ಗಿರಾಕಿಗಳು ಅನುಮತಿ ಕೊಟ್ಟರೆ ಅವರ ಹಳೇ ಫೋನಿನಲ್ಲಿ ನನ್ನ ಆ್ಯಪ್ ಓಡಿಸಿ ನೋಡುತ್ತೇನೆ. ಬದಲಿಗೆ ಅಂಗಡಿಯ ರಿಪೇರಿ ಚೀಟಿಗೆ ಒಂದು ಸಣ್ಣ ಆ್ಯಪ್ ಮಾಡಿಕೊಟ್ಟೆ. ಯಾರ ಫೋನ್, ಏನು ಕೆಲಸ, ಯಾವತ್ತು ಕೊಡಬೇಕು. ಅಷ್ಟೇ.

ಒಮ್ಮೆ ಆ ಅಣ್ಣ ಹೇಳಿದರು, "ಅಕ್ಕಾರ, ನಿಮ್ಮ ಆ್ಯಪ್‌ನ್ಯಾಗ ಗುಳಗಿ ಟೈಮಿಗೆ ಗಂಟಿ ಹೊಡಿಯಂಗಿಲ್ಲಂತ್ರಿ, ಮೂರು ಮಂದಿ ಹೇಳ್ಯಾರ." ಔಷಧಿ ಹೊತ್ತಿಗೆ ನೆನಪಿಸುವ ಆ್ಯಪ್ ಅದು. ನನ್ನ ಫೋನಿನಲ್ಲಿ ಸರಿಯಾಗಿ ಬಾರಿಸುತ್ತಿತ್ತು. ಅವರ ಫೋನಿನಲ್ಲಿ ಇಲ್ಲ. ಆಂಡ್ರಾಯ್ಡ್ 6ರಿಂದ, ಅಂದರೆ 2015ರಿಂದ, ಫೋನ್ ಸುಮ್ಮನೆ ಬಿದ್ದಿದ್ದರೆ ಬ್ಯಾಟರಿ ಉಳಿಸಲು ಆ್ಯಪ್‌ಗಳ ಕೆಲಸವನ್ನು ಮುಂದೂಡುವ ಏರ್ಪಾಟು ಇದೆ. ಅದಕ್ಕೆ ದಾರಿ ಇದೆ, ನಾನು ಅದನ್ನು ಬರೆದೂ ಇದ್ದೆ. ಆದರೆ ಕೆಲವು ಕಂಪನಿಗಳು ಅದರ ಮೇಲೆ ತಮ್ಮದೇ ಬ್ಯಾಟರಿ ಉಳಿತಾಯ ಸೇರಿಸಿರುತ್ತವೆ. ಬಳಸುವವರು ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಅನುಮತಿ ಕೊಟ್ಟರಷ್ಟೇ ಗಂಟೆ ಬಾರಿಸುತ್ತದೆ. ಬಿ.ಪಿ. ಗುಳಿಗೆ ತಪ್ಪಿದರೆ ಅದು ಸಣ್ಣ ವಿಷಯ ಅಲ್ಲ. ಆ ಅಣ್ಣ ಹೇಳದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಪ್ಲೇ ಸ್ಟೋರ್‌ನಲ್ಲಿ ಆ ಮೂವರೂ ಏನೂ ಬರೆದಿರಲಿಲ್ಲ. ನಮ್ಮ ಮಂದಿ ರಿವ್ಯೂ ಬರೆಯುವುದಿಲ್ಲ. ಅಂಗಡಿಯಲ್ಲಿ ಹೇಳುತ್ತಾರೆ.

ಅದೇ ಅಂಗಡಿಯಲ್ಲಿ ಕಲಿತ ಇನ್ನೊಂದು. ಅಣ್ಣ ಒಂದು ಫೋನ್ ಎತ್ತಿ ತೋರಿಸಿದರು. ಬಟನ್ ಮೇಲೆ "ಲೆಕ್ಕ" ಅಂತ ಬರೆದಿದ್ದೆ. ಅವರ ಫೋನಿನಲ್ಲಿ "ಲೆಕ" ಅಂತ ಕಾಣುತ್ತಿತ್ತು. ಒತ್ತಕ್ಷರದ ಕೆಳಭಾಗ ಕತ್ತರಿಸಿತ್ತು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಬಟನ್ ಎತ್ತರ ಕಟ್ಟಿದರೆ ಹೀಗೆ ಆಗುತ್ತದೆ. ಕನ್ನಡಕ್ಕೆ ಕೆಳಗೂ ಜಾಗ ಬೇಕು. ಆಂಡ್ರಾಯ್ಡ್ 9ರಲ್ಲಿ ಇಂಥ ಲಿಪಿಗಳಿಗೆ ಸಾಲಿನ ಎತ್ತರ ತಾನಾಗಿ ಹೊಂದಿಕೊಳ್ಳುವ ಸೌಲಭ್ಯ ಬಂತು. ಆದರೆ ನೀವೇ ಎತ್ತರವನ್ನು ಗಟ್ಟಿ ಮಾಡಿ ಬರೆದಿಟ್ಟರೆ ಅದೂ ಕೆಲಸಕ್ಕೆ ಬರುವುದಿಲ್ಲ. ಒಂದು ಲಕ್ಷವನ್ನು 1,00,000 ಅಂತ ಬರೆಯದೆ 100,000 ಅಂತ ತೋರಿಸುವುದೂ ಇದೇ ಜಾತಿಯ ತಪ್ಪು. ದಲಾಲಿ ಅಂಗಡಿಯವರು ಅದನ್ನು ನೋಡಿದ ಕ್ಷಣ ಈ ಆ್ಯಪ್ ನಮ್ಮದಲ್ಲ ಅಂತ ತೀರ್ಮಾನ ಮಾಡುತ್ತಾರೆ.

ಈ ಎರಡು ವಿಷಯ ಕೈಯಲ್ಲಿ ಹಿಡಿದು ನಾನು ಬೆಂಗಳೂರಿಗೆ ಹೋದೆ. ಅದಕ್ಕೂ ಮೊದಲು ಒಮ್ಮೆ ಹೋಗಿದ್ದೆ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಕೂತು ಹೋಗಿ, ಡೆವಲಪರ್‌ಗಳ ಒಂದು ಕೂಟದಲ್ಲಿ ದಿನವಿಡೀ ಕಾರ್ಡ್ ಹಂಚಿ, ರಾತ್ರಿ ರೈಲು ಹಿಡಿದು ಬಂದಿದ್ದೆ. ಅದರಿಂದ ಒಂದು ಫೋನೂ ಬರಲಿಲ್ಲ. ಆ ಮಂದಿಯನ್ನು ನಾನೂ ನೆನಪಿಟ್ಟುಕೊಳ್ಳಲಿಲ್ಲ. ಎರಡನೇ ಸಲ ಕಾರ್ಡ್ ತೆಗೆದುಕೊಂಡು ಹೋಗಲೇ ಇಲ್ಲ. ಒಬ್ಬರು ನೋಟಿಫಿಕೇಶನ್ ಬಗ್ಗೆ ಮಾತಾಡಿದರು. ಮಾತು ಮುಗಿದ ಮೇಲೆ ಹೋಗಿ, "ಸರ್, ಈ ಈ ಮಾದರಿಯ ಫೋನ್‌ಗಳಲ್ಲಿ ನೀವು ಹೇಳಿದ ಕ್ರಮ ನಡೆಯುವುದಿಲ್ಲ, ನಾನು 11 ಫೋನ್‌ನಲ್ಲಿ ನೋಡಿದ್ದೇನೆ" ಅಂತ ನೋಟ್‌ಬುಕ್ ತೋರಿಸಿದೆ. ಅವರು ಅಲ್ಲೇ ಕೂತು ಎಲ್ಲ ಬರೆದುಕೊಂಡರು. 11 ಹಳೇ ಫೋನ್ ಬೆಂಗಳೂರಿನ ಆ ತಂಡದ ಹತ್ತಿರ ಇರಲಿಲ್ಲ. ಎರಡು ತಿಂಗಳ ನಂತರ ಅವರೇ ಫೋನ್ ಮಾಡಿದರು. ತಮ್ಮ ಆ್ಯಪ್‌ನ ಕನ್ನಡ ಭಾಗವನ್ನು ಹಳೇ ಫೋನ್‌ಗಳಲ್ಲಿ ನೋಡಿಕೊಡಿ ಅಂತ. ಅದು ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಅದರ ಮೂಲ ಎಂಟು ಅಡಿ ಅಗಲದ ರಿಪೇರಿ ಅಂಗಡಿ.

ಎಲ್ಲರೂ ರೈಲು ಹತ್ತಬೇಕು ಅಂತಿಲ್ಲ. ಬರೆಯಿರಿ. ಆದರೆ "ಹಾಯ್ ಸರ್, ಕೆಲಸ ಇದ್ದರೆ ತಿಳಿಸಿ" ಅಂತ ಬರೆಯಬೇಡಿ. ನನಗೇ ಅಂಥವು ಬರುತ್ತವೆ. ಉತ್ತರ ಕೊಡಬೇಕು ಅನಿಸುತ್ತದೆ, ಏನು ಕೊಡಬೇಕು ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: "ನಮಸ್ಕಾರ. ನಾನು ಬಾಗಲಕೋಟೆಯವನು. ನಿಮ್ಮ ಆ್ಯಪ್ ಮೂರು ತಿಂಗಳಿಂದ ಬಳಸುತ್ತಿದ್ದೇನೆ. ಕನ್ನಡಕ್ಕೆ ಬದಲಾಯಿಸಿದರೆ ಬಿಲ್ ಪುಟದ ಬಟನ್‌ನಲ್ಲಿ ಒತ್ತಕ್ಷರ ಕತ್ತರಿಸುತ್ತದೆ. ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ. ಬಟನ್‌ಗೆ ಗಟ್ಟಿ ಎತ್ತರ ಕೊಟ್ಟಿರಬಹುದು, ಅದನ್ನು ತೆಗೆದರೆ ಸರಿಹೋಗಬಹುದು." ಅಷ್ಟೇ. ಏನೂ ಕೇಳಬೇಡಿ. ಹತ್ತು ಮಂದಿಗೆ ಬರೆದರೆ ಇಬ್ಬರು ಉತ್ತರ ಕೊಟ್ಟಾರು. ಆ ಇಬ್ಬರು ನಿಮ್ಮ ಹೆಸರು ಮರೆಯುವುದಿಲ್ಲ.

ಕೋಡ್ ಎಲ್ಲರಿಗೂ ತೆರೆದಿಟ್ಟ ಓಪನ್ ಸೋರ್ಸ್ ಆ್ಯಪ್‌ಗಳಿಗೆ ಕನ್ನಡ ಅನುವಾದ ಮಾಡುವುದೂ ಒಳ್ಳೆಯ ಬಾಗಿಲು. ವೆಬ್ಲೇಟ್‌ನಂಥ ತಾಣಗಳಲ್ಲಿ ಬ್ರೌಸರ್‌ನಲ್ಲೇ ಕೂತು ಮಾಡಬಹುದು, ಕೋಡ್ ಮುಟ್ಟಬೇಕಿಲ್ಲ. ಇಂಗ್ಲಿಷಿನ ನಾಲ್ಕಕ್ಷರದ ಮಾತು ಕನ್ನಡದಲ್ಲಿ ಹದಿನಾಲ್ಕು ಆದಾಗ ಪರದೆ ಹೇಗೆ ಒಡೆಯುತ್ತದೆ ಅಂತ ಅಲ್ಲೇ ಕಲಿಯುತ್ತೀರಿ. ನಿಮ್ಮ ಹೆಸರಿನಲ್ಲಿ ಕೆಲಸ ಕಾಣುತ್ತದೆ. ಗಿಟ್‌ಹಬ್, ಲಿಂಕ್ಡ್‌ಇನ್ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ. ಅಲ್ಲಿ ಏನು ಇಡುತ್ತೀರಿ ಅನ್ನುವುದು ಮುಖ್ಯ. ನಾನು ಕೆಲಸಕ್ಕೆ ಜೊತೆ ಬೇಕಾದಾಗ ಸರ್ಟಿಫಿಕೇಟ್ ನೋಡುವುದಿಲ್ಲ. ಯಾರಿಗೋ ಬಂದ ತೊಂದರೆಗೆ ಈ ಮನುಷ್ಯ ಹೇಗೆ ಉತ್ತರ ಕೊಟ್ಟಿದ್ದಾನೆ ಅಂತ ನೋಡುತ್ತೇನೆ.

ಈಗ ದುಡ್ಡಿನ ಮಾತು. ಸ್ಟೋರ್‌ನಲ್ಲಿ ಆ್ಯಪ್ ಮಾರಿ ಬದುಕುವವರು ಇದ್ದಾರೆ. ಗೂಗಲ್ ಮತ್ತು ಆಪಲ್ ಸಣ್ಣ ಡೆವಲಪರ್‌ಗಳ ಗಳಿಕೆಯಲ್ಲಿ ತೆಗೆದುಕೊಳ್ಳುವ ಪಾಲನ್ನು 2021ರಲ್ಲಿ 30%ರಿಂದ 15%ಕ್ಕೆ ಇಳಿಸಿದವು. ಆದರೆ ನಮ್ಮ ಕಡೆ ಇದ್ದುಕೊಂಡು ಶುರು ಮಾಡುವವರಿಗೆ ಮೊದಲ ಅನ್ನ ಕ್ಲೈಂಟ್ ಕೆಲಸದಿಂದಲೇ. ಮಹಾಲಿಂಗಪುರದ ಬೆಲ್ಲದ ವ್ಯಾಪಾರ, ವಿಜಯಪುರದ ಒಣದ್ರಾಕ್ಷಿ, ಬೆಳಗಾವಿ ಉದ್ಯಮಬಾಗದ ಫೌಂಡ್ರಿ, ಎಲ್ಲ ಕಡೆ ಲೆಕ್ಕ, ದಾಸ್ತಾನು, ಪಾಳಿ, ಹಾಜರಿಯ ಕೆಲಸ ಇದೆ. ಬೆಳಗಾವಿಯಲ್ಲಿ ಕೆಲಸ ಹಿಡಿದರೆ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಮೊದಲ ದಿನವೇ ಯೋಚಿಸಿ. ಆಮೇಲೆ ತುರುಕಲು ಹೋದರೆ ಎರಡರಷ್ಟು ಕೆಲಸ.

ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಒಂದು ಸಂಸ್ಥೆಗೆ ಆ್ಯಪ್ ಮಾಡಿಕೊಟ್ಟೆ. ಪರಿಚಯದವರು, ಹಾಗಾಗಿ ಏನೂ ಬರೆದುಕೊಳ್ಳಲಿಲ್ಲ. ಅವರಿಗೆ ಖಾತೆ ತೆರೆಯುವುದು ತಲೆನೋವು ಅಂತ ನನ್ನ ಪ್ಲೇ ಖಾತೆಯಲ್ಲೇ ಬಿಡುಗಡೆ ಮಾಡಿದೆ. ಬಾಕಿ ದುಡ್ಡಿನ ವಿಷಯಕ್ಕೆ ಮಾತು ಕೆಟ್ಟಿತು. ಆ್ಯಪ್ ನನ್ನ ಹೆಸರಿನಲ್ಲಿ, ಅವರ ಗಿರಾಕಿಗಳ ಬೈಗುಳ ನನಗೆ. ತೆಗೆದುಹಾಕಿದರೆ ಅವರ ಗಿರಾಕಿಗಳಿಗೆ ತೊಂದರೆ, ಇಟ್ಟುಕೊಂಡರೆ ನನಗೆ. ಕೊನೆಗೆ ಅವರಿಂದ ಖಾತೆ ತೆರೆಸಿ ಆ್ಯಪ್ ವರ್ಗಾಯಿಸಿ ಕೊಟ್ಟೆ. ಬಾಕಿ ಬರಲಿಲ್ಲ. ದುಡ್ಡಿಗಿಂತ ಆ ಪರಿಚಯ ಕಳೆದುಹೋದದ್ದು ನನಗೆ ಹೆಚ್ಚು ನೋವು. ನಮ್ಮ ಮನೆಯ ಲಗ್ನಕ್ಕೂ ಅವರು ಬರಲಿಲ್ಲ.

ಅದಕ್ಕೇ ಈಗ ಮೊದಲ ದಿನವೇ ಕ್ಲೈಂಟ್ ಅವರ ಖಾತೆಯನ್ನು ಅವರಿಂದಲೇ ತೆರೆಸುತ್ತೇನೆ. ನನ್ನನ್ನು ಅದಕ್ಕೆ ಸೇರಿಸಿ ಬೇಕಾದಷ್ಟು ಮಾತ್ರ ಅನುಮತಿ ಕೊಡುತ್ತಾರೆ. ಎರಡು ಪುಟದ ಒಪ್ಪಂದ, ಸರಳ ಕನ್ನಡದಲ್ಲಿ. ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ಯಾವಾಗ ಎಷ್ಟು ದುಡ್ಡು, ಕೋಡ್ ಯಾರದ್ದು. ಮುಂಗಡ 40%. ಪರಿಚಯದವರ ಜೊತೆ ಬರೆದುಕೊಳ್ಳುವುದು ಅಪನಂಬಿಕೆ ಅಂತ ನಮ್ಮಲ್ಲಿ ಒಂದು ಭಾವನೆ ಇದೆ. ನಾನು ಒಪ್ಪುವುದಿಲ್ಲ. ಪರಿಚಯ ಉಳಿಯಲಿ ಅಂತಲೇ ಬರೆದುಕೊಳ್ಳಬೇಕು.

ಒಪ್ಪಂದದಲ್ಲಿ ವರ್ಷದ ನಿರ್ವಹಣೆಯನ್ನೂ ಸೇರಿಸಿ. ಆ್ಯಪ್ ಒಂದು ಸಲ ಮಾಡಿ ಬಿಡುವ ವಸ್ತುವಲ್ಲ. ಹೊಸ ಆಂಡ್ರಾಯ್ಡ್‌ಗೆ ಹೊಂದಿಸಿಕೊಳ್ಳಿ ಅಂತ ಗೂಗಲ್ ವರ್ಷ ವರ್ಷ ಗಡುವು ಕೊಡುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳು ಆಂಡ್ರಾಯ್ಡ್ 15ಕ್ಕೆ ಹೊಂದಬೇಕು ಅಂತ ನಿಯಮ ಬಂತು. ಹಾಗಾಗಿ ಪ್ರತಿ ಜೂನ್‌ನಲ್ಲಿ ನಾನು ನೋಟ್‌ಬುಕ್ ತೆಗೆದು ಹಳೇ ಕ್ಲೈಂಟ್‌ಗಳಿಗೆಲ್ಲ ಫೋನ್ ಮಾಡುತ್ತೇನೆ. "ಆಗಸ್ಟ್ ಒಳಗೆ ಇದೊಂದು ಕೆಲಸ ಇದೆ ನೋಡಿರಿ" ಅಂತ. ಆ ಫೋನ್‌ನಲ್ಲಿ ಅರ್ಧ ಮಾತು ಮಳೆಯದ್ದು, ಮಕ್ಕಳದ್ದು. ಮಾತು ಮುಗಿಯುವಾಗ ಎಷ್ಟೋ ಸಲ "ನಮ್ಮ ಭಾವನ ಅಂಗಡಿಗೂ ಒಂದು ಬೇಕಿತ್ತು" ಅನ್ನುತ್ತಾರೆ.

ಇನ್ನು ಜೊತೆಯವರು. ಬೇರೆ ಡೆವಲಪರ್‌ಗಳನ್ನು ಪೈಪೋಟಿ ಅಂತ ನೋಡಬೇಡಿ. ಧಾರವಾಡದಲ್ಲಿ ನನಗೊಬ್ಬರು ಡಿಸೈನ್ ಮಾಡುವವರಿದ್ದಾರೆ, ವಿಜಯಪುರದಲ್ಲಿ ಸರ್ವರ್ ಕೆಲಸ ಮಾಡುವ ಒಬ್ಬರು. ನನ್ನ ಕೈ ತುಂಬಿದಾಗ ಕೆಲಸ ಅವರ ಕಡೆ ಕಳಿಸುತ್ತೇನೆ, ಕಮಿಷನ್ ಕೇಳುವುದಿಲ್ಲ. ಹೋದ ವರ್ಷ ಅಪ್ಪ ಆಸ್ಪತ್ರೆಯಲ್ಲಿ ಮೂರು ವಾರ ಇದ್ದರು. ನನ್ನ ಒಂದು ಆ್ಯಪ್ ಅದೇ ಹೊತ್ತಿಗೆ ಕ್ರ್ಯಾಶ್ ಆಗತೊಡಗಿತು. ವಿಜಯಪುರದವರು "ನೀವು ಅಪ್ಪಾರನ್ನ ನೋಡ್ರಿ, ಇದನ್ನ ನಾ ನೋಡ್ತೀನಿ" ಅಂದರು. ರಾತ್ರಿ ಕೂತು ಸರಿ ಮಾಡಿದರು. ಒಬ್ಬರೇ ಕೆಲಸ ಮಾಡುವವರಿಗೆ ಸಿಕ್ ಲೀವ್ ಇಲ್ಲ. ಮುಯ್ಯಾಳು ಇದ್ದರೆ ಅದೇ ಸಿಕ್ ಲೀವ್.

ಆಮೇಲೆ ಪ್ರಶ್ನೆಗಳು ಬಂದವು. ಐಫೋನ್ ಬಗ್ಗೆ ಒಬ್ಬರು ಕೇಳಿದರು. ವರ್ಷಕ್ಕೆ 99 ಡಾಲರ್, ಮೇಲೆ ಮ್ಯಾಕ್ ಬೇಕು. ಗಿರಾಕಿ ಕೇಳಿದಾಗ ಮಾಡಿ, ಅಲ್ಲಿಯವರೆಗೆ ಅವಸರ ಇಲ್ಲ ಅಂದೆ. ಓದು ಮುಗಿದ ಕೂಡಲೇ ಸ್ವಂತ ಕೆಲಸಕ್ಕೆ ಇಳಿಯಬಹುದಾ ಅಂತ ಇನ್ನೊಬ್ಬರು. ಇಳಿಯಬಹುದು, ಆದರೆ ಎರಡು ವರ್ಷ ಎಲ್ಲಾದರೂ ಕೆಲಸ ಮಾಡಿ ಬನ್ನಿ ಅಂದೆ. ಬೇರೆಯವರ ಕೋಡ್ ಓದುವುದು, ಬೈಸಿಕೊಳ್ಳುವುದು, ಗಡುವು ಕಾಯುವುದು ಒಬ್ಬರೇ ಕೂತು ಕಲಿಯಲು ಬರುವುದಿಲ್ಲ.

ಹಿಂದಿನ ಸಾಲಿನ ಒಬ್ಬಳು ಎದ್ದು ನಿಂತಳು. "ಮೇಡಂ, ನಮ್ಮ ಮನ್ಯಾಗ ಮೀಟಪ್ ಗೀಟಪ್ ಅಂದ್ರ ಕಳಸಂಗಿಲ್ರಿ. ನಾವೇನ್ ಮಾಡೂದ್ರಿ?" ಅವಳ ಅವ್ವ ಹಳ್ಳಿಯಲ್ಲಿ ಸ್ತ್ರೀ ಶಕ್ತಿ ಸಂಘ ನಡೆಸುತ್ತಾರೆ ಅಂತ ಮಾತಾಡುತ್ತಾ ಗೊತ್ತಾಯಿತು. ನಾನು ಕೇಳಿದೆ, "ಸಂಘದ ಸಾಲದ ಲೆಕ್ಕ ಯಾರು ಬರೆಯುತ್ತಾರೆ?" "ನಾನರೀ" ಅಂದಳು. ಪ್ರತಿ ವಾರ ಅಷ್ಟು ಹೆಂಗಸರು ಅವಳ ಮನೆಯ ಪಡಸಾಲೆಗೆ ಬಂದು ಕೂರುತ್ತಾರೆ. ಯಾರ ಹತ್ತಿರ ಫೋನ್ ಇದೆ, ಯಾರು ಓದಬಲ್ಲರು, ಯಾರು ಬರೀ ಚಿತ್ರ ನೋಡಿ ಒತ್ತುತ್ತಾರೆ, ಎಲ್ಲ ಅವಳಿಗೆ ಗೊತ್ತು. ಬೆಂಗಳೂರಿನ ಯಾವ ಕೂಟದಲ್ಲೂ ಅಂಥ ಮಂದಿ ಸಿಗುವುದಿಲ್ಲ. ಅದನ್ನೇ ಅವಳಿಗೆ ಹೇಳಿದೆ. ಮತ್ತೆ, ಮನೆಯವರ ಜೊತೆ ಮಾತಾಡಬೇಕಿದ್ದರೆ ನಾನು ಬರುತ್ತೇನೆ ಅಂತಲೂ ಹೇಳಿದೆ. ಅದು ಮಾತಿಗೆ ಹೇಳಿದ್ದಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.

ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ, 9 ಹೆಸರು ಬರೆದಿದ್ದ ಹುಡುಗ ಹಾಳೆ ಹಿಡಿದು ಬಂದ. ಬೆಂಚಿನ ಆರೂ ಹೆಸರು ಹೊಡೆದುಹಾಕಿದ್ದ. ಕೆಳಗೆ ಹೊಸದಾಗಿ ಬರೆದಿದ್ದ: ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿ. ಕಬ್ಬು ಕಡಿಯುವ ಗ್ಯಾಂಗಿನ ಮುಖಂಡ, ಮುಕಾದಮ ಮಾಮಾ. ಹಾಸ್ಟೆಲ್ ಮೆಸ್ಸಿನ ಅಕ್ಕ. ಮೂರರ ಮುಂದೆಯೂ ಹೆಸರಿನ ಜಾಗ ಖಾಲಿ ಇತ್ತು. "ಹೆಸರು ಗೊತ್ತಿಲ್ರಿ ಮೇಡಂ, ನಾಳೆ ಕೇಳ್ಕೊಂಡು ಬರ್ತೀನಿ" ಅಂದ.